ಅಪ್ಪ ಮಾಟುಂಗಕ್ಕೆ ಹೋಗುತ್ತಿದ್ದ ನಾಲ್ಕು ದಿನ

ಕಣ್ಣು ಮುಚ್ಚಿಕೊಂಡು ಕುರ್ಲಾದ ನಮ್ಮ ಹಳೆಯ ಚಾಳಿನ ಮನೆಗೆ ಹೋಗಿಬಂದು ಇವತ್ತಿಗೆ ಹನ್ನೊಂದು ದಿನವಾಯಿತು. ಇನ್ನೂ ಎದೆಯ ಬಡಿತ ಒಂದು ಹದಕ್ಕೆ ಬಂದಿಲ್ಲ. ಮುಲುಂಡಿನ ಈ ಮೂರನೆಯ ಮಹಡಿಯ ಮನೆಯಲ್ಲಿ ಚಹಾ ಕುಡಿಯುತ್ತ ಕೂತವಳು ಇದ್ದಕ್ಕಿದ್ದಂತೆ ನಗುತ್ತೇನೆ, ಒಗ್ಗರಣೆ ಹಾಕುತ್ತ ಹಾಕುತ್ತ ಅಳುತ್ತೇನೆ. ಸೊಸೆ ಹೆದರಿ ಎರಡು ಸಲ ಬಿ.ಪಿ. ನೋಡಿಸಿದಳು. ರೋಗ ಏನೂ ಇಲ್ಲ. ಎಪ್ಪತ್ತೇಳು ವರ್ಷದ ಮುದುಕಿಗೆ ಅವಳ ಅಪ್ಪ ಸಿಕ್ಕಿದ್ದಾನೆ, ಅಷ್ಟೇ. ನಾನು ಕಲಿತದ್ದು ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ. ಬರೆದದ್ದು ಎಂದರೆ ಕಿರಾಣಿ ಚೀಟಿ, ಮದುವೆ ಕಾಗದದ ಮೇಲಿನ ವಿಳಾಸ. ಇಷ್ಟು ಉದ್ದ ಬರೆಯುವ ಕೈ ನನ್ನದಲ್ಲ. ಆದರೆ ತುಂಬಿದ ಕೊಡ ಹೊತ್ತವಳು, ನೆಲ ಒದ್ದೆಯಾದೀತು ಅಂತ ನಿಂತಲ್ಲೇ ನಿಲ್ಲಲಿಕ್ಕೆ ಆಗುವುದಿಲ್ಲ.

ಇದಕ್ಕೆಲ್ಲ ಕಾರಣ ಮೊಮ್ಮಗಳು ಅನಘಾ. ಅವಳು ಪ್ರತಿ ಶನಿವಾರ ಒಂದು ಬರವಣಿಗೆಯ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿ ಎಲ್ಲರ ಕಣ್ಣು ಮುಚ್ಚಿಸಿ, ಚಿಕ್ಕಂದಿನ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಒಂದೊಂದೇ ಪ್ರಶ್ನೆ ಕೇಳುತ್ತ ಮನಸ್ಸಿನಲ್ಲಿಯೇ ಒಳಗೆ ನಡೆಸುತ್ತಾರಂತೆ. ಗೋಡೆ ಮುಟ್ಟಿಸುತ್ತಾರೆ, ವಾಸನೆ ಕೇಳುತ್ತಾರೆ. ಕಣ್ಣು ತೆರೆದ ಮೇಲೆ ಕಂಡದ್ದನ್ನು ಬರೆಯಬೇಕು. ಅನಘಾಳ ಚಿಕ್ಕಂದಿನ ಮನೆ ಎಂದರೆ ಇದೇ ಮನೆ. ಕಣ್ಣು ಮುಚ್ಚಿದರೂ ತೆರೆದರೂ ಅದೇ ಸೋಫಾ. ಬೇಸರ ಬಂದು ನನ್ನನ್ನು ಹಿಡಿದಳು. ನನ್ನ ಕುರ್ಲಾದ ಖೋಲಿಯನ್ನು ನೋಡಬೇಕೆಂದಳು. ಅವಳ ಕನ್ನಡ ಹಿಂದಿ, ಮರಾಠಿಯ ಕೈ ಹಿಡಿದು ಕುಂಟಿಕೊಂಡು ಬರುತ್ತದೆ. ಬಂದಷ್ಟರಲ್ಲಿಯೇ ನನ್ನನ್ನು ನಡೆಸಿದಳು.

"ಅಜ್ಜಿ, ಆಂಖ್ ಬಂದ್. ತೆರೀಬಾರ್ದು. ನೀನು ಛೋಟಿ ಇದ್ದೀಯ, ಸಾತ್ ವರ್ಷ. ಮನೆ ಬಾಹೇರ್ ನಿಂತಿದ್ದೀಯ. ಕಾಲು ಕೆಳಗೆ ಏನಿದೆ?"

"ಏನಿರ್ತದ, ನೆಲ."

"ಅಸಂ ನಾಹೀ ಅಜ್ಜಿ. ಥಂಡಾ ಇದೆಯಾ, ಒದ್ದೆ ಇದೆಯಾ, ಹೇಳು ನಾ."

ಅವಳ ಸಮಾಧಾನಕ್ಕೆ ಏನಾದರೂ ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಾಲಿಗೆ ಒದ್ದೆ ಹತ್ತಿತು. ಸುಳ್ಳಲ್ಲ, ಹತ್ತಿಯೇ ಬಿಟ್ಟಿತು. ಮೊದಲನೆಯ ಮಾಳಿಗೆಯ ಗ್ಯಾಲರಿ, ಕಟ್ಟಿಗೆಯ ಹಲಗೆಗಳು, ನಡುನಡುವೆ ಸಂದು. ನಳದಿಂದ ಕೊಡ ಹೊತ್ತು ತರುವಾಗ ನೀರು ತುಳುಕಿ ಆ ಸಂದಿನಿಂದ ಕೆಳಗಿನ ಮನೆಯ ಮರಾಠಿ ಮಾವುಶಿಯ ಒಣ ಬಟ್ಟೆಯ ಮೇಲೆ ಬೀಳುತ್ತಿತ್ತು, ಅವಳು ಕೆಳಗಿನಿಂದ ನಮ್ಮ ಕುಲವನ್ನೆಲ್ಲ ಎಣಿಸಿ ಬೈಯುತ್ತಿದ್ದಳು. ಅರವತ್ತು ಎಪ್ಪತ್ತು ವರ್ಷ ಈ ಹಲಗೆ ನನ್ನ ನೆನಪಿನಲ್ಲಿ ಇರಲೇ ಇಲ್ಲ. ಅಂಗಾಲಿನಲ್ಲಿ ಇತ್ತು. ಅನಘಾ ಬಾಗಿಲು ದಾಟು ಎಂದಳು, ದಾಟಿದೆ. ಎಡಗೋಡೆ ಮುಟ್ಟು ಎಂದಳು, ಮುಟ್ಟಿದೆ. ಸುಣ್ಣ ಬೆರಳಿಗೆ ಬಂತು. ಹತ್ತು ಹೆಜ್ಜೆಯ ಒಂದೇ ಖೋಲಿ. ನಟ್ಟನಡುವೆ ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ಪರದೆ. ಪರದೆಯ ಈಚೆ ಊಟಕ್ಕೆ ಕೂರುವ ಗಂಡಸರು. ಆಚೆ ಇದ್ದಿಲಿನ ಶೇಗಡಿ, ಹಿಟ್ಟಿನ ಡಬ್ಬಿ, ನೀರಿನ ಕೊಡಗಳು, ಮೂಲೆಯಲ್ಲಿ ಪಾತ್ರೆ ತಿಕ್ಕುವ ಮೋರಿ, ಮತ್ತೆ ಅವ್ವ.

ಅವ್ವ ಖಾನಾವಳಿ ನಡೆಸುತ್ತಿದ್ದಳು. ವಿಜಾಪುರದ ಕಡೆಯಿಂದ ಹೆಂಡರು ಮಕ್ಕಳನ್ನು ಊರಲ್ಲಿ ಬಿಟ್ಟು ಗಿರಣಿ ಕೆಲಸಕ್ಕೆ ಬಂದ ಆರು ಮಂದಿ, ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ನಮ್ಮಲ್ಲಿ ಉಂಡು, ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಸಿಕೊಂಡು ಹೋಗುವರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ, ಒಂದು ಗುದ್ದಿದ ಉಳ್ಳಾಗಡ್ಡಿ. ಒಬ್ಬೊಬ್ಬರಿಗೆ ಒಂದೊಂದು ಜಾಗ; ಗೋಡೆಗೆ ಆತುಕೊಂಡು ಕೂತು ಕೂತು ಆರು ಬೆನ್ನಿನ ಎಣ್ಣೆಯ ಗುರುತು ಸುಣ್ಣದ ಮೇಲೆ ಮೂಡಿತ್ತು. ಬಾಗಿಲ ಪಕ್ಕದ ಗುರುತು ಭೀಮಣ್ಣ ಮಾಮಾನದು, ಎಲ್ಲಕ್ಕಿಂತ ಅಗಲ. ನನಗಿಂತ ಐದು ವರ್ಷ ದೊಡ್ಡವನಾದ ನನ್ನ ಅಣ್ಣನೂ ಅವರ ಸಾಲಿನಲ್ಲೇ ಕೂತು ಉಣ್ಣುತ್ತಿದ್ದ, ದೊಡ್ಡ ಗಂಡಸಿನಂತೆ. ನನ್ನ ಕೆಲಸ ಪರದೆಯ ಆಚೆಯಿಂದ ಬಿಸಿ ರೊಟ್ಟಿ ತಂದು ಈಚೆ ಹಾಕುವುದು. ಇಷ್ಟನ್ನು ಕಣ್ಣು ಮುಚ್ಚಿಕೊಂಡೇ ಅನಘಾಳಿಗೆ ಹೇಳಿದೆ. ರೊಟ್ಟಿಯ ಸುಟ್ಟ ಅಂಚಿನ ವಾಸನೆ ಮೂಗಿಗೆ ಬಂದು ಬಾಯಲ್ಲಿ ನೀರೂ ಬಂತು.

"ನಿನ್ನ ಅಪ್ಪ ಎಲ್ಲಿ, ಅಜ್ಜಿ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಕಣ್ಣು ಮುಚ್ಚುವ ಜರೂರಿ ಇರಲಿಲ್ಲ. ಅಪ್ಪನ ಬಗ್ಗೆ ನನ್ನ ಹತ್ತಿರ ಒಂದು ಮಾತು ಯಾವಾಗಲೂ ತಯಾರಿರುತ್ತಿತ್ತು. ಗಂಡನಿಗೆ ಹೇಳಿದ್ದೆ, ಹೆಣ್ಣುಮಕ್ಕಳಿಗೆ ಅವರ ಮದುವೆ ಗೊತ್ತು ಮಾಡುವಾಗ ಹೇಳಿದ್ದೆ, ಸೊಸೆಗೂ ಹೇಳಿದ್ದೆ. ಅವ್ವ ತಿಂಗಳಿಗೊಮ್ಮೆ ಹೊರಗಾಗಿ ನಾಲ್ಕು ದಿನ ಮೋರಿಯ ಪಕ್ಕದ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕೂರುವಳು. ಮನೆಯ ಸಾಮಾನು ಮುಟ್ಟುವ ಹಾಗಿಲ್ಲ, ಒಲೆಯ ಹತ್ತಿರ ಬರುವ ಹಾಗಿಲ್ಲ. ಅಂಥ ದಿನಗಳಲ್ಲಿ ಅಪ್ಪ, ಅವನಿಗೆ ಪಾಳಿ ಇದ್ದದ್ದು ಮಧ್ಯಾಹ್ನದ ಮೇಲೆ, ಬೆಳಿಗ್ಗೆ ಪೂರ್ತಿ ಬಿಡುವು, ಆ ಬಿಡುವಿನಲ್ಲಿ ಅವ್ವನನ್ನು ಮೂಲೆಯಲ್ಲಿ ಬಿಟ್ಟು ಲೋಕಲ್ ಹತ್ತಿ ಮಾಟುಂಗಕ್ಕೆ ಹೋಗಿಬಿಡುತ್ತಿದ್ದ. ಅಲ್ಲಿ ಉಡುಪಿ ಹೋಟೆಲಿನಲ್ಲಿ ಗೆಳೆಯರ ಜೊತೆ ಕೂತು ದೋಸೆ ತಿನ್ನುತ್ತಿದ್ದ. ಇದು ನನಗೆ ಖಚಿತವಾಗಿ ನೆನಪಿತ್ತು. ದಿನಾ ಬೆಳಿಗ್ಗೆ ಈ ಮಾತನ್ನು ನಾನೇ ನನ್ನ ಬಾಯಿಂದ ಹೇಳಿದ್ದೂ ನೆನಪಿತ್ತು. ಭೀಮಣ್ಣ ಮಾಮಾ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ.

ಈ ನೆನಪನ್ನು ನಾನು ಬರಿದೆ ಇಟ್ಟುಕೊಳ್ಳಲಿಲ್ಲ, ಬಳಸಿದೆ. ಅದನ್ನೂ ಇಲ್ಲಿ ಬರೆಯಬೇಕು. ಅವ್ವ ತೀರಿಹೋದ ಮರುವರ್ಷ ಅಪ್ಪ ಒಂದು ಕೈಚೀಲ ಹಿಡಿದು ಈ ಮುಲುಂಡಿನ ಮನೆಗೆ ಬಂದ. ಚೀಲದಲ್ಲಿ ಎರಡು ಧೋತರ ಇದ್ದವು. ಎಂಟು ದಿನ ಇರಲಿಕ್ಕೆ ಬಂದಿದ್ದ. ನನ್ನ ಅತ್ತೆ ಆಗ ಗಟ್ಟಿಯಿದ್ದಳು, ಬೀಗರನ್ನು ಮಾತಿಗೆ ಎಳೆಯುವುದೆಂದರೆ ಅವಳಿಗೆ ಹಬ್ಬ. ಊಟಕ್ಕೆ ಬಡಿಸುವಾಗ ಕೇಳಿದಳು.

"ಏನ್ ಬೀಗರ, ನಿಮ್ಮ ಮನ್ಯಾಗ ಅಷ್ಟ ಮಂದಿಗೆ ಊಟ ಹಾಕ್ತಿದ್ರಿ, ನೀವೂ ಒಂದೀಟು ಕೈ ಹಚ್ಚತಿದ್ರೇನ?"

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಸಾರಿನ ಸೌಟು ಕೈಯಲ್ಲಿ ಹಿಡಿದೇ ಅಂದೆ.

"ಇಂವಾ? ಅವ್ವ ಮೂಲ್ಯಾಗ ಕುಂತ ದಿನ ಇಂವಾ ಮಾಟುಂಗಾಕ್ಕ ಹೋಗಾಂವ. ದ್ವಾಸಿ ತಿನ್ನಾಕ."

ಅಪ್ಪ ತಲೆ ಎತ್ತಿ ನನ್ನನ್ನೇ ನೋಡಿದ. ಆಮೇಲೆ ತಾಟಿನ ಕಡೆ ನೋಡಿದ. ಮೀಸೆಯೊಳಗೆ ನಕ್ಕ. "ಹೂಂ, ಹೋಗತಿದ್ದೆ. ದ್ವಾಸಿ ಭಾಳ ಚಲೋ ಇರತಿತ್ತು" ಅಂದ. ನಾಚಿಕೆಗೆಟ್ಟ ನಗೆ ಅಂದುಕೊಂಡೆ. ಉಂಡೆದ್ದು ಅವನು ಚೀಲ ಕೈಗೆತ್ತಿಕೊಂಡಾಗ, ಇನ್ನೆರಡು ದಿನ ಇರಪ್ಪಾ ಅಂತ ನಾನು ಅನ್ನಲಿಲ್ಲ. ಇರು ಅಂತ ಬಾಯಿ ತುಂಬ ಹೇಳಬೇಕಾದವಳು ನಾನೇ ಆಗಿದ್ದೆ. ನಾನು ಸುಮ್ಮನಿದ್ದದ್ದಕ್ಕೆ ಬೇರೆಯವರೂ ಸುಮ್ಮನಿದ್ದರು. ಅಪ್ಪ ಅಂದೇ ಸಂಜೆಯ ಸ್ಲೋ ಲೋಕಲ್ ಹಿಡಿದು ಅಣ್ಣನ ಮನೆಗೆ ವಾಪಸು ಹೋದ. ಮೂರು ತಿಂಗಳಿಗೆ ತೀರಿಕೊಂಡ. ಮಣ್ಣಿಗೆ ಹೋದೆ, ಅಳಲಿಲ್ಲ. ಅಳದೆ ಇದ್ದದ್ದನ್ನು ಒಂದು ದೊಡ್ಡಸ್ತಿಕೆಯಂತೆ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದೆ.

ಹಾಗಾಗಿ ಅನಘಾಳಿಗೂ ಅದನ್ನೇ ಹೇಳಿದೆ: ಅಪ್ಪ ಇಲ್ಲ, ಮಾಟುಂಗಕ್ಕೆ ಹೋಗಿದ್ದಾನೆ, ಅವ್ವ ಮೂಲೆಯಲ್ಲಿದ್ದಾಳೆ, ಒಲೆಯ ಹತ್ತಿರ ಬರುವ ಹಾಗಿಲ್ಲ. ಅವಳು ಸರಿ ಎಂದು ಮುಂದೆ ಹೋದಳು.

"ಅಬ್ ಕಿವಿ. ಏನು ಕೇಳ್ತಿದೆ?"

"ರೊಟ್ಟಿ ಬಡಿಯೋ ಸಪ್ಪಳ. ಅವ್ವನ ಕೈಬಳಿ ಗಲ್ ಅನ್ನೋ ಸಪ್ಪಳ. ಪರದಿ ಆಚಿಗೆ."

"ವೇಟ್ ಅಜ್ಜಿ. ಅವ್ವ ಮೂಲೇಲಿ ಕೂತಿದಾರೆ ಅಂದೆ ನಾ ನೀನು? ಒಲೆ ಹತ್ರ ಬರೋ ಹಾಗಿಲ್ಲ ಅಂದೆ. ತೋ ಫಿರ್ ರೊಟ್ಟಿ ಯಾರು ಮಾಡ್ತಿದಾರೆ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರು ಜನ ಗಂಡಸರು ಉಣ್ಣುತ್ತಿದ್ದಾರೆ. ಡಬ್ಬಿ ಕಟ್ಟಬೇಕು. ಅವ್ವ ಮುಟ್ಟುವ ಹಾಗಿಲ್ಲ. ನನಗೆ ಏಳು ವರ್ಷ, ನನ್ನ ಕೈಯಲ್ಲಿ ರೊಟ್ಟಿ ದುಂಡಗಾಗಲು ಇನ್ನೂ ಐದು ವರ್ಷ ಬೇಕಿತ್ತು. ಅಣ್ಣ ಸಾಲಿನಲ್ಲಿ ಕೂತು ಉಣ್ಣುತ್ತಿದ್ದಾನೆ. ಎಪ್ಪತ್ತು ವರ್ಷ, ಎಷ್ಟು ಜನರ ಎದುರು ಈ ಕತೆ ಹೇಳಿದೆ, ಒಬ್ಬರೂ ಇದನ್ನು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಅವ್ವ ಮೂಲೆಯಲ್ಲಿ ಕೂತ ನೆನಪು ಒಂದು ಗೂಡಿನಲ್ಲಿತ್ತು, ಅವೇ ಬೆಳಗುಗಳ ಬಳೆಯ ಸಪ್ಪಳ ಇನ್ನೊಂದು ಗೂಡಿನಲ್ಲಿತ್ತು. ಎರಡನ್ನೂ ಒಂದೇ ಕಡೆ ತಂದು ಇಟ್ಟವಳಲ್ಲ. ಕಣ್ಣು ತೆರೆಯಲು ಹೋದೆ.

"ತೆರೀಬೇಡ ಅಜ್ಜಿ, ಪ್ಲೀಜ್. ಪರದೆ ಸರಿಸು. ಮುಖ ಬೇಡ, ಪೆಹಲೆ ಕೈ ನೋಡು."

ಸರಿಸಿದೆ. ಕೈ ನೋಡಿದೆ. ಹಿಟ್ಟು ಮೆತ್ತಿದ ದೊಡ್ಡ ಕೈ. ಹಿಟ್ಟಿನೊಳಗಿಂದ ಕಪ್ಪು ಕೂದಲು. ಬಲಗೈಯ ತೋರುಬೆರಳಿಗೆ ತುದಿ ಇಲ್ಲ. ಅದನ್ನು ಗಿರಣಿಯ ಮಗ್ಗ ತಿಂದಿತ್ತು. ಆ ಕೈ ರೊಟ್ಟಿ ಬಡಿಯುತ್ತಿದೆ, ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ಹಸಿರು ಬಳೆಗಳು ಗಲ್ ಎನ್ನುತ್ತವೆ. ಆದರೆ ಅವು ಕೈಗೆ ಏರಿಸಿದ ಬಳೆಗಳಲ್ಲ. ಅಷ್ಟು ದೊಡ್ಡ ಕೈಗೆ ಯಾವ ಬಳೆ ಏರೀತು? ದಾರದಲ್ಲಿ ಪೋಣಿಸಿ ಮಣಿಕಟ್ಟಿಗೆ ಕಟ್ಟಿದ್ದಾರೆ. ಗಂಟು ಒಳಮಗ್ಗುಲಿಗೆ ಇದೆ, ಎರಡು ಸುತ್ತಿನ ಗಂಟು.

"ಅಜ್ಜಿ, ನಿನ್ನ ಬೋಟೆ… ಬೆರಳು ನೋಡು. ನಹೀ, ನೋಡಬೇಡ. ಹಂಗೇ ಮಾಡು."

ನನ್ನ ಮಡಿಲಲ್ಲಿ ನನ್ನ ಎರಡೂ ಕೈಗಳು ತಮ್ಮಷ್ಟಕ್ಕೆ ಗಂಟು ಹಾಕುತ್ತಿದ್ದವು. ಇಲ್ಲದ ದಾರ, ಇಲ್ಲದ ಮಣಿಕಟ್ಟು. ಒಂದು ಸುತ್ತು, ಎರಡು ಸುತ್ತು, ಎಳೆ. ಒಂದೇ ಕೈಯಿಂದ ಅಪ್ಪನಿಗೆ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ, ಅವ್ವ ಅವನನ್ನು ಮುಟ್ಟುವ ಹಾಗಿರಲಿಲ್ಲ. ಅಪ್ಪನಿಗೆ ಬಳೆ ಕಟ್ಟಿದವಳು ನಾನು. ಗೋಡೆ ಹಿಡಿದುಕೊಳ್ಳೋಣವೆಂದರೆ ಸೋಫಾದ ತೋಳು ಕೈಗೆ ಸಿಕ್ಕಿತು, ಅದನ್ನೇ ಹಿಡಿದೆ.

ಒಮ್ಮೆ ಅಷ್ಟು ಕಂಡ ಮೇಲೆ ಉಳಿದದ್ದು ಯಾರೂ ಕೇಳದೆ ಬಂತು. ಮೂಲೆಯಲ್ಲಿ ಅವ್ವ. ಅವಳು ಅಳುತ್ತಾ ಕೂತಿದ್ದಳು ಎಂದೇ ನಾನು ಎಲ್ಲರಿಗೂ ಹೇಳಿದ್ದು. ಅಳುತ್ತಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು, ಭುಜ ಕುಣಿಯುವ ಹಾಗೆ. ಅಪ್ಪನ ರೊಟ್ಟಿಯ ಅಂಚು ಒಡೆದು ಭಾರತದ ನಕಾಶೆಯ ಹಾಗೆ ಆಗಿದೆ. ಅವ್ವ ದೂರದಿಂದಲೇ ಬೆರಳು ತಿರುಗಿಸಿ ತೋರಿಸುತ್ತಾಳೆ, ಇನ್ನೂ ನೀರು ಹಚ್ಚು, ಇನ್ನೂ ತೆಳ್ಳಗೆ. ಅಪ್ಪ ಕಣ್ಣಲ್ಲೇ ಅವಳನ್ನು ಗದರಿಸುತ್ತಾನೆ. ಪರದೆಯ ಈಚೆ ಗಂಡಸರು ಬಂದು ಕೂರುವ ಸಪ್ಪಳ ಆಗುತ್ತಲೇ ಅಪ್ಪ ನನ್ನ ಕಿವಿಯ ಹತ್ತಿರ ಬಾಗುತ್ತಾನೆ, ಜೋಳದ ಹಿಟ್ಟಿನ ವಾಸನೆ, ಬೀಡಿಯ ವಾಸನೆ.

"ಶಾಂತಿ, ಭೀಮಣ್ಣ ಕೇಳತಾನ ಈಗ. ಏನ ಹೇಳ್ತಿ?"

"ಅಪ್ಪ ಮಾಟುಂಗಾಕ್ಕ ಹೋಗ್ಯಾನ."

"ಎದಕ್ಕ?"

"ದ್ವಾಸಿ ತಿನ್ನಾಕ."

"ಶಾಣ್ಯಾಕಿ ನನ್ನ ಮಗಳು. ನಗಬ್ಯಾಡ ಮತ್ತ. ಹೋಗು."

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ, ಅನಘಾಳಿಗೂ ತಿಳಿಯಲಿಲ್ಲ, ಬಿಡಿಸಿ ಹೇಳಬೇಕಾಯಿತು. ಹೊರಗಾದವಳು ಕೂತ ಒಂದೇ ಖೋಲಿಯ ಮನೆಯಲ್ಲಿ ಉಣ್ಣುವುದು ಆ ಗಂಡಸರಿಗೆ ಆಗದ ಮಾತು. ಬೇರೆ ಮನೆಗಳಲ್ಲಿ ಹೆಂಗಸರು ಗ್ಯಾಲರಿಯ ತುದಿಗೆ ಹೋಗಿ ಕೂರುತ್ತಿದ್ದರು, ಚಾಳಿಗೆಲ್ಲ ಗೊತ್ತಾಗುತ್ತಿತ್ತು. ಅವ್ವ ಹಾಗೆ ಕೂತರೆ ನಾಲ್ಕು ದಿನ ಖಾನಾವಳಿ ಬಂದ್. ತಿಂಗಳು ತಿಂಗಳು ಬಂದ್ ಆಗುವ ಖಾನಾವಳಿಯಲ್ಲಿ ಯಾರು ಉಳಿದಾರು? ಅದಕ್ಕೇ ಅವ್ವ ಪರದೆಯ ಹಿಂದೆ, ಕೆಮ್ಮೂ ಬಾರದ ಹಾಗೆ ಕೂತಳು. ಇನ್ನು ಗಂಡಸು ಹೆಂಡತಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಎಂದರೆ, ಆ ಸುದ್ದಿ ಮುಂದಿನ ಕಾಗದದಲ್ಲೇ ಊರಿಗೆ ಹೋಗುತ್ತಿತ್ತು, ಅಪ್ಪ ಊರಲ್ಲಿ ಮುಖ ಎತ್ತಿ ತಿರುಗುವ ಹಾಗಿರಲಿಲ್ಲ. ಅದಕ್ಕೇ ಬಳೆ. ಅದಕ್ಕೇ ಮಾಟುಂಗ. ತಿಂಗಳು ತಿಂಗಳು, ವರ್ಷ ವರ್ಷ, ಅಪ್ಪ ಕಲಿಸಿದ ಸುಳ್ಳನ್ನು ನಾನು ಎಷ್ಟು ಚೆಂದ ಹೇಳಿದೆನೆಂದರೆ ದೊಡ್ಡವಳಾಗುವ ಹೊತ್ತಿಗೆ ಹೇಳಿಕೊಟ್ಟವನು ಮರೆತುಹೋಗಿ ಸುಳ್ಳು ಮಾತ್ರ ಉಳಿಯಿತು. ಅವನದೇ ಮಾತನ್ನು ಹಿಡಿದು ಅವನನ್ನೇ ಹೊಡೆದೆ.

ಕಣ್ಣು ತೆರೆದಾಗ ಅನಘಾ ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದಳು, ಅವಳ ಮುಖವೇ ಬಿಳಿಚಿತ್ತು. ಪ್ರಾಮಾಣಿಕ ಹುಡುಗಿ, ಒಂದು ಮಾತು ಹೇಳಿದಳು: ಹೀಗೆ ಕಣ್ಣು ಮುಚ್ಚಿ ಕಂಡದ್ದೆಲ್ಲ ನಡೆದದ್ದೇ ಆಗಿರಬೇಕೆಂದಿಲ್ಲ, ಮನಸ್ಸು ತನಗೆ ಬೇಕಾದದ್ದನ್ನು ಕಟ್ಟಿಕೊಡುತ್ತದೆ, ಕ್ಲಾಸಿನಲ್ಲಿ ಮೊದಲೇ ಎಚ್ಚರಿಸಿದ್ದಾರೆ ಎಂದು. ಅಪ್ಪನನ್ನು ಈಗ ತಾನೇ ಕೈಯಾರೆ ಮುಟ್ಟಿಬಂದಿದ್ದೇನೆ, ಅದೂ ಇಲ್ಲವೆಂದರೆ? ಬೇಕು ಎಂದೇ ಕಟ್ಟಿಕೊಂಡೆನೇ? ಎರಡು ದಿನ ಉಣ್ಣಲಿಲ್ಲ. ಕೇಳಲಿಕ್ಕೆ ಉಳಿದವನು ಅಣ್ಣ ಒಬ್ಬನೇ, ಅಂಬರನಾಥದಲ್ಲಿ ಮಗನ ಮನೆಯಲ್ಲಿದ್ದಾನೆ, ಎಂಬತ್ತೆರಡು ವರ್ಷ. ಅವನಿಗೆ ಕಿವಿ ಮಂದ. ಮೂರನೆಯ ದಿನ ಬೆಳಿಗ್ಗೆ ಫೋನು ಹಚ್ಚಿಸಿದೆ. ಹೇಗೆ ಕೇಳುವುದು ತಿಳಿಯದೆ ನೇರವಾಗಿಯೇ ಕೇಳಿದೆ.

"ಅಣ್ಣಾ, ಅವ್ವ ಮೂಲ್ಯಾಗ ಕುಂತಾಗ ರೊಟ್ಟಿ ಯಾರ ಬಡೀತಿದ್ರು?"

"ಯಾರು? ಅಪ್ಪ. ಮತ್ಯಾರು."

ಸಹಜವಾಗಿ ಅಂದ, ಇವತ್ತು ವಾರ ಯಾವುದು ಅಂತ ಕೇಳಿದವರಿಗೆ ಹೇಳುವ ಹಾಗೆ. ನಾನು ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಬಳಿ ಕಟಗೊಂಡು?"

"ನೀನ ಕಟ್ಟತಿದ್ದೆಲ್ಲ. ಯಾಕ, ಏನಾತು? ಆ ನಾಕ್ ದಿನದ ರೊಟ್ಟಿ ಚಪ್ಪಲಿ ಇದ್ದಂಗ ಇರತಿದ್ದುವು, ಹಲ್ಲಿಗೆ ಹರೀತಿದ್ದಿಲ್ಲ."

"ಭೀಮಣ್ಣ ಮಾಮಾಗ ಗೊತ್ತಾಗಲಿಲ್ಲೇನ?"

"ಉಣ್ಣಾಂವಗ ಗೊತ್ತಾಗೂದಿಲ್ಲೇನ, ಹುಚ್ಚಿ? ಆರೂ ಮಂದಿಗೆ ಗೊತ್ತಿತ್ತು. ಕೇಳಬೇಕಲ್ಲ, ಕೇಳತಿದ್ರು. ನೀ ಹೇಳತಿದ್ದಿ. ಹೌದೇನಪಾ ಅಂತ ಉಣ್ಣತಿದ್ರು. ಅವರ ಹೊಟ್ಟೀನೂ ತುಂಬಬೇಕಲ್ಲ."

ನನಗೆ ನಗೆಯೂ ಅಳುವೂ ಒಟ್ಟಿಗೆ ಬಂದವು. ಅನಘಾ ನನ್ನ ಬೆನ್ನು ಸವರುತ್ತಿದ್ದಳು. ಇಷ್ಟೇ ಸಾಕಿತ್ತು, ಫೋನು ಇಡಬಹುದಿತ್ತು. ಆದರೆ ಆ ಒಂದು ಮಧ್ಯಾಹ್ನ, ಸಾರಿನ ಸೌಟು, ಎರಡು ಧೋತರದ ಚೀಲ, ಅದು ನನ್ನನ್ನು ಬಿಡಲಿಲ್ಲ. ಅಪ್ಪ ಅಂದು ನನ್ನ ಮನೆಯಿಂದ ಹೊರಟು ಅಣ್ಣನ ಮನೆಗೇ ಹೋಗಿದ್ದನಲ್ಲ. ಏನು ಹೇಳಿದ ಅಂತ ಇಷ್ಟು ವರ್ಷ ನಾನು ಕೇಳಿರಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಈಗ ಕೇಳಿದೆ.

"ಆ ದಿನಾನ? ನೆನಪದ ನನಗ. ಎಂಟ ದಿನ ಇರತೇನಿ ಅಂದಾಂವ ಸಂಜೀಕೇ ಬಂದ. ಯಾಕಪಾ ಅಂದೆ. ಬೀಗತಿ ಭಾಳ ಕೆದಕಾಕತ್ತಿದ್ಲು, ಅಕಿ ಎದುರಿಗೆ ನಮ್ಮ ಶಾಂತಿ ನಮ್ಮ ಮನಿ ಮಾನ ಬಿಟ್ಟು ಕೊಡಲಿಲ್ಲ ನೋಡು ಅಂದ. ನಾ ಒಲಿ ಮುಂದ ಇದ್ದೆ ಅಂತ ಬಾಯಿ ಬಿಡಲಿಲ್ಲ, ಮಾಟುಂಗಾಕ್ಕ ಹೋಗಿದ್ದ ಅಂತ ಪಟ್ನ ಹೇಳಿಬಿಟ್ಲು, ಇಷ್ಟ ವರ್ಷ ಆದ್ರೂ ಮಗಳು ಕಾವಲು ಬಿಟ್ಟಿಲ್ಲ ಅಂದ. ಅಲ್ಲೇ ಇದ್ರ ಆ ಬೀಗತಿ ಮತ್ತ ಕೇಳತಾಳ, ಮಗಳು ಮತ್ತ ಸುಳ್ಳ ಹೇಳಬೇಕಾಗತದ, ಅದಕ್ಕ ಬಂದೆ ಅಂದ. ಭಾಳ ಖುಷಿಯಾಗಿದ್ದ. ನಕ್ಕೋತನ ಉಂಡ."

ಅಣ್ಣ ಅತ್ತ ಕಡೆ ಹಲೋ ಹಲೋ ಎಂದು ಕೂಗುತ್ತಿದ್ದ. ಫೋನು ಕೆಟ್ಟಿದೆ ಎಂದು ಮಗನನ್ನು ಬೈಯುತ್ತಿದ್ದ. ಸುಮ್ಮನೆ ಇಟ್ಟುಬಿಡಬಹುದಿತ್ತು, ಬಂದ ಹೆಸರನ್ನು ಬೇಡ ಅನ್ನುವವರು ಯಾರು? ಆದರೆ ಎದೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

"ಅಣ್ಣಾ, ನಾ ಕಾವಲು ಕುಂತಿರಲಿಲ್ಲ. ನನಗ ಎಲ್ಲಾ ಮರತಹೋಗಿತ್ತು. ನಾ ಖರೇನ ಹಂಗ ತಿಳಕೊಂಡಿದ್ದೆ. ಅವನ ಮ್ಯಾಲಿನ ಸಿಟ್ಟಿಗೆ ಅಂದೆ."

ಅವನಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಲು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಅಣ್ಣನ ದನಿ ಬಂತು, ಬಹಳ ಸಣ್ಣಗೆ, ಹನ್ನೆರಡು ವರ್ಷದ ಅಣ್ಣನ ಹಾಗೆ.

"ಆತು ಬಿಡು ತಂಗಿ. ಅಪ್ಪಗ ಹೇಳಬ್ಯಾಡ."

"ಇಲ್ಲ. ಹೇಳೂದಿಲ್ಲ" ಅಂದೆ.